ನೀಲಿ ಗರಿಯ ಕೋಳಿಗಳು: ಅವುಗಳ ಸಂತಾನದಲ್ಲಿ ಬಣ್ಣ ಬೇರೆಯಾಗುವ ಕಾರಣವೂ ತಳಿ ಮಾಡುವ ಕ್ರಮವೂ

ತುಂಗಭದ್ರೆಯ ದಡದ ಐರಣಿಯಲ್ಲಾಗಲಿ, ಅದರ ಸುತ್ತಣ ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಇತರ ಗ್ರಾಮಗಳಲ್ಲಾಗಲಿ, ಕೋಳಿ ಸಾಕುವ ಮನೆಗಳ ಹಿತ್ತಿಲಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ ಕೆಂಪು, ಕಪ್ಪು, ಬಿಳಿ, ಕಂದು ಮುಂತಾದ ನಾನಾ ಬಣ್ಣದ ನಾಟಿ ಕೋಳಿಗಳು ಕಾಣುವುವು. ಇಂಥಾ ಹಿಂಡುಗಳಲ್ಲಿ ಒಮ್ಮೊಮ್ಮೆ ಬೂದಿಗಿಂತ ಗಾಢವಾಗಿಯೂ ಕಪ್ಪಿಗಿಂತ ತಿಳಿಯಾಗಿಯೂ ಇರುವ ಒಂದು ಹೇಂಟೆಯೋ ಹುಂಜವೋ ಇರುವುದುಂಟು. ಕೋಳಿಗಳ ತಳಿಯನ್ನು ಎತ್ತುವವರು ಈ ಬಣ್ಣಕ್ಕೆ ನೀಲಿ ಎಂದು ಹೆಸರಿಟ್ಟಿದ್ದಾರೆ. ಇದು ಆಕಾಶದ ನೀಲಿಯಲ್ಲ, ನವಿಲಿನ ಕೊರಳಿನ ನೀಲಿಯೂ ಅಲ್ಲ. ಮಕ್ಕಳು ಬರೆಯುವ ಸ್ಲೇಟನ್ನು ನೀರಿನಿಂದ ಒರಸಿದಾಗ ಯಾವ ಬಣ್ಣ ಕಾಣುವುದೋ ಅದಕ್ಕೆ ಇದನ್ನು ಹೋಲಿಸಬಹುದು.

ಅಪರೂಪವಾದ ವಸ್ತುವಿಗೆ ಬೆಲೆ ಹೆಚ್ಚು. ಆದಕಾರಣ ಇಂಥಾ ಕೋಳಿಗಳನ್ನು ಒಂದು ಹುಂಜ, ಎರಡು ಹೇಂಟೆಗಳ ಲೆಕ್ಕದಲ್ಲಿ ಮೂರು ಮೂರಾಗಿ ಕೂಡಿಸಿ ಮಾರುವವರೂ, ಹೆಚ್ಚಿನ ಹಣ ಕೊಟ್ಟು ಕೊಳ್ಳುವವರೂ ಇದ್ದಾರೆ. ಕೊಂಡ ಗೃಹಸ್ಥನು ಮೊಟ್ಟೆಗಳನ್ನು ಕಾವಿಗೆ ಇಟ್ಟು ಇಪ್ಪತ್ತೊಂದು ದಿನ ಕಾಯುವನು. ಮರಿಗಳು ಹೊರಬಂದಾಗ ಅವುಗಳಲ್ಲಿ ಸುಮಾರು ಅರ್ಧ ಮಾತ್ರವೇ ನೀಲಿಯಾಗಿರುವುವು. ಉಳಿದವುಗಳಲ್ಲಿ ಕೆಲವು ಅಚ್ಚ ಕಪ್ಪು. ಇನ್ನು ಕೆಲವು ಬಿಳಿಯ ಬಟ್ಟೆಯ ಮೇಲೆ ಮಸಿ ಚೆಲ್ಲಿದಂತೆ ಅಲ್ಲಲ್ಲಿ ಕಪ್ಪು ನೀಲಿ ಕಲೆಗಳುಳ್ಳವು. ಆಗ ಅವನು ಮಾರಿದವನನ್ನು ಹಳಿಯುವನು. ಮಾರಿದವನು ತನ್ನ ಕೋಳಿ ಶುದ್ಧವೆಂದು ಆಣೆಯಿಡುವನು. ಮಾತು ಬೆಳೆದು ಊರ ಹಿರಿಯರ ಕಟ್ಟೆಗೆ ಬರುವುದು. ವ್ಯಾಜ್ಯ ಏನೇ ಆಗಲಿ, ಕೊಂಡವನ ಮನೆಯಲ್ಲಿ ಅದಕ್ಕಿಂತ ದೊಡ್ಡದೊಂದು ನಷ್ಟ ಅಷ್ಟರಲ್ಲಿ ಆಗಿಹೋಗಿರುತ್ತದೆ. ಕಪ್ಪು ಮರಿಗಳನ್ನೂ ಮಸಿಚುಕ್ಕೆಯ ಮರಿಗಳನ್ನೂ ಕುಲಗೆಟ್ಟವೆಂದು ಭಾವಿಸಿ ಅವನು ಸಂತೆಗೆ ಕಳುಹಿಸಿರುತ್ತಾನೆ. ನೀಲಿ ಕೋಳಿಯ ಬೀಜವು ಆ ಮರಿಗಳಲ್ಲಿಯೇ ಇತ್ತೆಂಬುದು ಅವನಿಗೆ ತಿಳಿಯದು. ಕೋಳಿಯ ಹಣವು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೈಗಾಸಾದುದರಿಂದ ಈ ನಷ್ಟವು ಅವರಿಗೇ ಮೊದಲು ತಗಲುವುದು.

ಇದರ ಕಾರಣವನ್ನು ಅಕ್ಷರ ಬಾರದವರಿಗೂ ತಿಳಿಸಿ ಹೇಳಬಹುದು. ಪ್ರತಿಯೊಂದು ಕೋಳಿಯೂ ತನ್ನ ಬಣ್ಣದ ಗುಣವನ್ನು ಎರಡು ಪಾಲಾಗಿ ಪಡೆಯುತ್ತದೆ. ಒಂದು ಪಾಲು ತಂದೆಯಿಂದ, ಒಂದು ತಾಯಿಯಿಂದ. ತಾನು ಮರಿಗಳಿಗೆ ಕೊಡುವಾಗ ತನ್ನಲ್ಲಿರುವ ಎರಡು ಪಾಲುಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಕೊಡುತ್ತದೆ. ಈಗಿನ ಶಾಸ್ತ್ರಜ್ಞರು ಈ ಪಾಲಿಗೆ ವಂಶವಾಹಿ ಎನ್ನುತ್ತಾರೆ. ನೀಲಿಯ ವಂಶವಾಹಿಯು ಹೊಸ ಬಣ್ಣವನ್ನೇನೂ ತಂದು ಹಾಕುವುದಿಲ್ಲ. ಗರಿಯಲ್ಲಿರುವ ಕಪ್ಪು ಬಣ್ಣವನ್ನು ತಿಳಿ ಮಾಡುವುದಷ್ಟೇ ಅದರ ಕೆಲಸ. ಅದು ಒಂದು ಪಾಲಿನಲ್ಲಿದ್ದರೆ ಕಪ್ಪು ಬಣ್ಣ ಸ್ವಲ್ಪ ತಿಳಿಯಾಗಿ ನೀಲಿ ಎನಿಸಿಕೊಳ್ಳುವುದು. ಎರಡು ಪಾಲಿನಲ್ಲಿಯೂ ಇದ್ದರೆ ಬಣ್ಣವು ಬಹಳ ತಿಳಿಯಾಗಿ, ಹೆಚ್ಚು ಕಡಮೆ ಬಿಳಿಯಾಗಿ, ಅಲ್ಲಲ್ಲಿ ಮಾತ್ರ ಕಲೆಗಳು ಉಳಿಯುವುವು. ಈ ಮೂರನೆಯ ಬಗೆಗೆ ಪರದೇಶದವರು ಸ್ಪ್ಲಾಷ್ ಎಂದು ಹೆಸರಿಟ್ಟಿದ್ದಾರೆ. ಇಲ್ಲಿ ಮಸಿಚುಕ್ಕೆ ಎಂದು ಕರೆಯೋಣ. ಯಾವ ಪಾಲಿನಲ್ಲಿಯೂ ಇಲ್ಲದಿದ್ದರೆ ಕೋಳಿ ಕಪ್ಪಾಗಿಯೇ ಇರುವುದು.

ಆದುದರಿಂದ ನೀಲಿ ಕೋಳಿಯೆಂದರೆ ಒಂದು ಕೈಯಲ್ಲಿ ಕಪ್ಪನ್ನೂ ಮತ್ತೊಂದು ಕೈಯಲ್ಲಿ ಮಸಿಚುಕ್ಕೆಯನ್ನೂ ಹಿಡಿದುಕೊಂಡಿರುವ ಕೋಳಿ. ಎರಡು ನೀಲಿ ಕೋಳಿಗಳನ್ನು ಕೂಡಿಸಿದಾಗ ತಂದೆ ಯಾವ ಕೈಯಿಂದ ಕೊಡುವನೋ, ತಾಯಿ ಯಾವ ಕೈಯಿಂದ ಕೊಡುವಳೋ ಹೇಳುವಂತಿಲ್ಲ. ಇಬ್ಬರೂ ಕಪ್ಪನ್ನೇ ಕೊಟ್ಟರೆ ಕಪ್ಪು ಮರಿ, ಇಬ್ಬರೂ ಮಸಿಚುಕ್ಕೆಯನ್ನೇ ಕೊಟ್ಟರೆ ಮಸಿಚುಕ್ಕೆಯ ಮರಿ, ಒಬ್ಬರು ಒಂದನ್ನೂ ಮತ್ತೊಬ್ಬರು ಇನ್ನೊಂದನ್ನೂ ಕೊಟ್ಟರೆ ನೀಲಿ ಮರಿ. ಹೀಗೆ 40 ಮರಿಗಳಲ್ಲಿ ಸರಾಸರಿ 10 ಕಪ್ಪು, 20 ನೀಲಿ, 10 ಮಸಿಚುಕ್ಕೆ ಆಗುವುವು. ಎಷ್ಟು ತಲೆಮಾರು ಆರಿಸಿ ಆರಿಸಿ ನೀಲಿಯನ್ನೇ ಕೂಡಿಸುತ್ತ ಬಂದರೂ ಈ ಲೆಕ್ಕ ಬದಲಾಗುವುದಿಲ್ಲ. ಶುದ್ಧ ನೀಲಿ ತಳಿಯೆಂಬುದು ಈ ವಂಶವಾಹಿಯಿಂದ ಎಂದಿಗೂ ಹುಟ್ಟದು.

ಇನ್ನು ಮಿಕ್ಕ ಜೋಡಿಗಳು. ನೀಲಿಗೂ ಕಪ್ಪಿಗೂ ಕೂಡಿಸಿದರೆ ಅರ್ಧ ನೀಲಿ, ಅರ್ಧ ಕಪ್ಪು. ನೀಲಿಗೂ ಮಸಿಚುಕ್ಕೆಗೂ ಕೂಡಿಸಿದರೆ ಅರ್ಧ ನೀಲಿ, ಅರ್ಧ ಮಸಿಚುಕ್ಕೆ. ಕಪ್ಪಿಗೆ ಕಪ್ಪನ್ನು ಕೂಡಿಸಿದರೆ ಎಲ್ಲವೂ ಕಪ್ಪು. ಮಸಿಚುಕ್ಕೆಗೆ ಮಸಿಚುಕ್ಕೆಯನ್ನು ಕೂಡಿಸಿದರೆ ಎಲ್ಲವೂ ಮಸಿಚುಕ್ಕೆ. ಕಪ್ಪಿಗೂ ಮಸಿಚುಕ್ಕೆಗೂ ಕೂಡಿಸಿದರೋ, ಹುಟ್ಟಿದ ಮರಿಗಳೆಲ್ಲವೂ ನೀಲಿ. ಒಂದೂ ತಪ್ಪುವುದಿಲ್ಲ. ನೀಲಿ ಕೋಳಿಯೊಂದೂ ಇಲ್ಲದ ಗೂಡಿನಿಂದಲೇ ನೀಲಿ ಮರಿಗಳು ಅತ್ಯಂತ ಹೆಚ್ಚಾಗಿ ಬರುವುವೆಂಬುದನ್ನು ಮೊದಲು ಕೇಳಿದವರು ನಂಬುವುದು ಕಷ್ಟ. ಆದರೂ ನಿಜವಾದ ಸಂಗತಿ ಹೀಗೆಯೇ ಇದೆ. ಇಲ್ಲಿ ಮತ್ತೊಂದನ್ನೂ ಗಮನಿಸತಕ್ಕದ್ದು. ನೀಲಿ ಹುಂಜಕ್ಕೆ ನೀಲಿ ಹೇಂಟೆಗಳನ್ನೇ ಕೊಂಡು ತಂದವನಿಗೂ, ಅದೇ ಹುಂಜವನ್ನು ಮನೆಯ ಕಪ್ಪು ಹೇಂಟೆಗಳೊಡನೆ ಬಿಟ್ಟವನಿಗೂ ದೊರೆಯುವ ನೀಲಿ ಮರಿಗಳ ಸಂಖ್ಯೆ ಒಂದೇ, ಅಂದರೆ ಅರ್ಧ. ನೀಲಿ ಹೇಂಟೆಗಳಿಗಾಗಿ ಕೊಟ್ಟ ಹೆಚ್ಚಿನ ಹಣವು ಮರಿಗಳ ಲೆಕ್ಕದಲ್ಲಿ ಏನನ್ನೂ ತರಲಿಲ್ಲ.

ಈ ಸೀಮೆಯವರಿಗೆ ಇದು ಹೊಸ ಮಾತಾಗಬಾರದು. ರಾಣೆಬೆನ್ನೂರಿನ ಸುತ್ತಮುತ್ತ ಹತ್ತಿ, ಟೊಮೆಟೊ, ಮೆಣಸಿನಕಾಯಿ ಮೊದಲಾದವುಗಳ ಸಂಕರಣ ಬೀಜೋತ್ಪಾದನೆ ಮಾಡುವ ಹೊಲಗಳು ಬೇಕಾದಷ್ಟಿವೆ. ಅಲ್ಲಿ ಹೆಣ್ಣು ಸಾಲನ್ನೂ ಗಂಡು ಸಾಲನ್ನೂ ಬೇರೆ ಬೇರೆಯಾಗಿ ಬೆಳೆಸಿ, ಹೆಣ್ಣು ಸಾಲಿನ ಮೊಗ್ಗಿನಿಂದ ಕೇಸರಗಳನ್ನು ಕೈಯಿಂದ ತೆಗೆದು, ಗಂಡು ಹೂವಿನ ಪರಾಗವನ್ನು ಮುಟ್ಟಿಸಿ ಬೀಜ ಕಟ್ಟಿಸುವುದನ್ನು ಕಣ್ಣಾರೆ ಕಂಡವರಿದ್ದಾರೆ, ಕೂಲಿಗೆ ಹೋಗಿ ಮಾಡಿದವರೂ ಇದ್ದಾರೆ. ಧಾರವಾಡದಲ್ಲಿ ಡಾಕ್ಟರ್ ಬಿ. ಎಚ್. ಕಟರ್ಕಿಯವರು ರೂಪಿಸಿ 1972ರಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿಯ ಕಾಲದಿಂದಲೂ ರೈತರು ಒಂದು ಮಾತನ್ನು ಬಲ್ಲರು: ಸಂಕರಣ ಹತ್ತಿಯ ಬೀಜವನ್ನು ಇಟ್ಟುಕೊಂಡು ಮರುವರ್ಷ ಬಿತ್ತಿದರೆ ಬೆಳೆ ಒಂದೇ ಸಮನಾಗಿ ಬರುವುದಿಲ್ಲ, ಗಿಡಗಳು ಬಗೆಬಗೆಯಾಗಿ ಒಡೆಯುವುವು. ನೀಲಿ ಕೋಳಿಯ ಬಣ್ಣವೂ ಸಂಕರಣ ಬೀಜದಂತೆಯೇ ನಡೆದುಕೊಳ್ಳುತ್ತದೆ. ಕಪ್ಪು ಮತ್ತು ಮಸಿಚುಕ್ಕೆ ಅದರ ಎರಡು ಸಾಲುಗಳು. ಗಂಡು ಸಾಲನ್ನೂ ಹೆಣ್ಣು ಸಾಲನ್ನೂ ಕಿತ್ತು ಬಿಸುಟು ಸಂಕರಣ ಬೀಜವನ್ನು ಮಾತ್ರ ಉಳಿಸಿಕೊಂಡ ಬೀಜದ ವ್ಯಾಪಾರಿಯನ್ನು ನಾವು ಏನೆನ್ನುವೆವೋ, ಆ ಎರಡು ಬಣ್ಣದ ಮರಿಗಳನ್ನು ಸಂತೆಗೆ ಕಳುಹಿಸಿದ ಗೃಹಸ್ಥನನ್ನೂ ಹಾಗೆಯೇ ಎನ್ನಬೇಕಾಗುವುದು.

ತಿಳಿಯದೆ ಈ ತಪ್ಪನ್ನು ಮಾಡಿದವರಲ್ಲಿ ನಮ್ಮವರು ಮೊದಲಿಗರಲ್ಲ. ಯೂರೋಪಿನಲ್ಲಿ ಸ್ಪೇಯ್ನ್ ದೇಶದ ಆಂಡಲೂಸಿಯಾ ಪ್ರಾಂತ್ಯದ ಹೆಸರಿನ ಆಂಡಲೂಸಿಯನ್ ಎಂಬ ನೀಲಿ ಕೋಳಿಯನ್ನು ಇಂಗ್ಲೆಂಡಿನವರು ಪ್ರದರ್ಶನಗಳಿಗಾಗಿ ಬೆಳೆಸುತ್ತಿದ್ದರು. ಅವರೂ ನೀಲಿಗೆ ನೀಲಿಯನ್ನೇ ಕೂಡಿಸಿ, ಹುಟ್ಟಿದ ಕಪ್ಪು ಮತ್ತು ಚುಕ್ಕೆಯ ಮರಿಗಳನ್ನು ಕೀಳೆಂದು ತೆಗೆದುಹಾಕುತ್ತಿದ್ದರು. ಗ್ರೆಗರ್ ಮೆಂಡೆಲ್ ಎಂಬ ಪಾದ್ರಿಯು ಬಟಾಣಿ ಗಿಡಗಳ ಮೇಲೆ ಪರೀಕ್ಷೆಗಳನ್ನು ನಡೆಸಿ 1866ರಲ್ಲಿ ಪ್ರಕಟಿಸಿದ ನಿಯಮಗಳನ್ನು ಲೋಕವು 1900ರವರೆಗೂ ಮರೆತಿತ್ತು. ಆಮೇಲೆ ಕೇಂಬ್ರಿಡ್ಜಿನ ಬೇಟ್‌ಸನ್ ಮತ್ತು ಪನ್ನೆಟ್ ಎಂಬ ವಿದ್ವಾಂಸರು ಅದೇ ನಿಯಮಗಳು ಕೋಳಿಗಳಲ್ಲಿ ಹೇಗೆ ನಡೆಯುವುವೆಂದು ಪರೀಕ್ಷಿಸಿದಾಗ ಆಂಡಲೂಸಿಯನ್ ಕೋಳಿಯ ಒಗಟು ಬಿಡಿಸಿತು. ಸಾಕುವವರು ಕೀಳೆಂದು ಎಣಿಸಿದ್ದ ಎರಡು ಬಣ್ಣಗಳೇ ಸ್ಥಿರವಾದವುಗಳೆಂದೂ, ಅವರು ಶುದ್ಧವೆಂದು ಮೆಚ್ಚಿದ್ದ ನೀಲಿಯೇ ಮಿಶ್ರವಾದುದೆಂದೂ ಆಗ ತಿಳಿದುಬಂದಿತು.

ಮೇಲೆ ಹೇಳಿದ ಅರ್ಧ, ಕಾಲು ಎಂಬ ಲೆಕ್ಕಗಳು ಸರಾಸರಿಗಳೆಂಬುದನ್ನು ಮರೆಯಕೂಡದು. ಒಂದು ಕಾವಿನಲ್ಲಿ ಹತ್ತು ಮರಿಗಳಾದರೆ ಐದೇ ನೀಲಿ ಆಗಬೇಕೆಂಬ ಕಟ್ಟಿಲ್ಲ. ಎರಡು ನೀಲಿ ಕೋಳಿಗಳ ಹತ್ತು ಮರಿಗಳಲ್ಲಿ ಸರಿಯಾಗಿ ಐದು ನೀಲಿಯಾಗುವುದು ನಾಲ್ಕು ಕಾವುಗಳಲ್ಲಿ ಸುಮಾರು ಒಂದರಲ್ಲಿ ಮಾತ್ರ. ಮಿಕ್ಕ ಕಾವುಗಳಲ್ಲಿ ಮೂರೋ, ನಾಲ್ಕೋ, ಆರೋ, ಏಳೋ ಆಗುವುವು. ನಾಲ್ಕೇ ಮರಿಗಳು ಉಳಿದ ಕಾವಿನಲ್ಲಿ ನೀಲಿ ಒಂದೂ ಇಲ್ಲದೆ ಹೋಗುವುದು ಹದಿನಾರರಲ್ಲಿ ಒಂದು ಸಲ ಸಂಭವಿಸಬಹುದು. ಒಂದು ಕಾವನ್ನು ನೋಡಿ ತೀರ್ಪು ಹೇಳುವವರು ಅವಸರಪಟ್ಟವರೇ ಸರಿ. ಕಪ್ಪು ಮತ್ತು ಮಸಿಚುಕ್ಕೆಯ ಜೋಡಿಗೆ ಮಾತ್ರ ಈ ಅನಿಶ್ಚಯವಿಲ್ಲ. ಅಲ್ಲಿ ಒಂದು ಮರಿ ಬೇರೆ ಬಣ್ಣದ್ದಾದರೂ ತಂದೆತಾಯಿಗಳಲ್ಲಿ ಏನೋ ಬೆರಕೆಯುಂಟೆಂದು ತಿಳಿಯತಕ್ಕದ್ದು.

ಮರಿಗಳನ್ನು ಬೇರ್ಪಡಿಸುವುದಕ್ಕೆ ದೊಡ್ಡವಾಗುವವರೆಗೆ ಕಾಯಬೇಕಾಗಿಲ್ಲ. ಮೊಟ್ಟೆಯೊಡೆದು ಮೈ ಒಣಗಿದ ಕೂಡಲೇ ನೋಡಬಹುದು. ಕಪ್ಪು ಮರಿಯ ಬೆನ್ನು ಕಪ್ಪಾಗಿ, ಹೊಟ್ಟೆಯ ಕಡೆ ಕೆನೆಬಣ್ಣವಾಗಿ ಇರುವುದು. ಈ ಕೆನೆಬಣ್ಣವನ್ನು ನೋಡಿ ಬೆರಕೆಯೆಂದು ಹೆದರಬಾರದು. ಗರಿ ಬಲಿತಂತೆ ಅದು ಹೋಗುವುದು. ನೀಲಿ ಮರಿಯ ನವಿರು ಸ್ಲೇಟಿನ ಬಣ್ಣ. ಮಸಿಚುಕ್ಕೆಯ ಮರಿ ಬಹಳ ತಿಳಿಯಾದ ಬೂದುಬಿಳಿ, ಕೆಲವು ಸಲ ಹಳದಿಯ ಛಾಯೆಯುಳ್ಳದ್ದು; ಕಲೆಗಳು ಗರಿ ಬಂದಮೇಲೆ ಕಾಣುವುವು.

ಈಗ ಗೂಡನ್ನು ಕಟ್ಟಿಕೊಳ್ಳುವ ಕ್ರಮ. ನೀಲಿಯ ವಂಶವಾಹಿಯು ಗಂಡು ಹೆಣ್ಣೆಂಬ ಭೇದವಿಲ್ಲದೆ ಇಳಿಯುವುದರಿಂದ ಹುಂಜ ಕಪ್ಪಾಗಿ ಹೇಂಟೆಗಳು ಮಸಿಚುಕ್ಕೆಯಾದರೂ, ಅದಕ್ಕೆ ವಿಪರ್ಯಾಯವಾದರೂ ಫಲ ಒಂದೇ. ಆದರೆ ಕಪ್ಪು ಹೇಂಟೆಗಳು ಊರಲ್ಲೇ ಸುಲಭವಾಗಿ ದೊರೆಯುವುವು. ಮಸಿಚುಕ್ಕೆಯ ಕೋಳಿ ದುರ್ಲಭ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆಗಳನ್ನು ಬಿಡಬಹುದಾದುದರಿಂದ ಮಸಿಚುಕ್ಕೆಯ ಹುಂಜವೊಂದನ್ನು ಸಂಪಾದಿಸಿ ಕಪ್ಪು ಹೇಂಟೆಗಳೊಡನೆ ಕೂಡಿಸುವುದೇ ಮಿತವ್ಯಯದ ಮಾರ್ಗ. ಇದೇ ಗೂಡಿನಲ್ಲಿ ಎರಡು ಮಸಿಚುಕ್ಕೆಯ ಹೇಂಟೆಗಳನ್ನೂ ಬಿಟ್ಟರೆ ಇನ್ನೂ ಒಳ್ಳೆಯದು. ಆಗ ಕಪ್ಪು ಹೇಂಟೆಗಳ ಮರಿಗಳೆಲ್ಲ ನೀಲಿಯಾಗಿಯೂ, ಚುಕ್ಕೆಯ ಹೇಂಟೆಗಳ ಮರಿಗಳೆಲ್ಲ ಮಸಿಚುಕ್ಕೆಯಾಗಿಯೂ ಹುಟ್ಟುವುದರಿಂದ, ಮೊಟ್ಟೆಗಳನ್ನು ಗುರುತು ಮಾಡದಿದ್ದರೂ ಯಾವ ಮರಿ ಯಾರದೆಂದು ತಾನಾಗಿ ತಿಳಿಯುವುದು. ಮುಂದಿನ ವರ್ಷಕ್ಕೆ ಬೇಕಾದ ಮಸಿಚುಕ್ಕೆಯ ಯಾಟೆಗಳೂ ಅದೇ ಗೂಡಿನಿಂದ ದೊರೆಯುವುವು. ಕಪ್ಪು ಹೇಂಟೆಗಳನ್ನು ಮಾತ್ರ ಬೇರೆ ಕಪ್ಪು ಹುಂಜದಿಂದ ಬೇರೆ ಗೂಡಿನಲ್ಲಿ ಎತ್ತತಕ್ಕದ್ದು. ಪ್ರಾರಂಭದಲ್ಲಿ ಮಸಿಚುಕ್ಕೆಯ ಹುಂಜವೇ ಸಿಕ್ಕದಿದ್ದರೆ ನೀಲಿಗೆ ನೀಲಿಯನ್ನು ಒಂದು ಸಲ ಕೂಡಿಸಿ, ಬರುವ ಕಾಲು ಭಾಗದ ಚುಕ್ಕೆಯ ಮರಿಗಳಲ್ಲಿ ಪುಷ್ಟವಾದ ಗಂಡೊಂದನ್ನು ಬೀಜಕ್ಕೆ ನಿಲ್ಲಿಸಬಹುದು.

ಹಳೆಯ ಹುಂಜವನ್ನು ತೆಗೆದು ಹೊಸದನ್ನು ಬಿಟ್ಟ ಮರುದಿನವೇ ಮೊಟ್ಟೆಗಳನ್ನು ಕೂಡಿಹಾಕುವವರುಂಟು. ಇದರಿಂದ ಬಹಳ ಗೊಂದಲವಾಗುವುದು. ಹೇಂಟೆಯ ಮೈಯಲ್ಲಿ ಹಿಂದಿನ ಹುಂಜದ ಬೀಜವು ಎರಡು ವಾರಗಳವರೆಗೂ, ಕೆಲವು ವೇಳೆ ಇನ್ನೂ ಹೆಚ್ಚು ಕಾಲವೂ ಸಜೀವವಾಗಿರುವುದು. ಆದ್ದರಿಂದ ಹಳೆಯ ಹುಂಜವನ್ನು ತೆಗೆದ ಮೇಲೆ ಮೂರು ವಾರದ ಮೊಟ್ಟೆಗಳನ್ನು ಮನೆಯ ಬಳಕೆಗೋ ಮಾರಾಟಕ್ಕೋ ಉಪಯೋಗಿಸಿ, ನಾಲ್ಕನೆಯ ವಾರದಿಂದ ಕಾವಿಗೆ ಇಡತಕ್ಕದ್ದು. ಊರಿನ ಕೋಳಿಗಳು ಹಗಲೆಲ್ಲ ಬೀದಿಯಲ್ಲಿ ಮೇಯುವುವಾದುದರಿಂದ ಪಕ್ಕದ ಮನೆಯ ಕೆಂಪು ಹುಂಜವು ಯಾವ ಬೇಲಿಯನ್ನೂ ಲೆಕ್ಕಿಸದು. ಬೀಜದ ಹೇಂಟೆಗಳನ್ನಾದರೂ ಮೊಟ್ಟೆ ಕೂಡಿಸುವ ಆ ಕೆಲವು ವಾರ ತಡಿಕೆಯ ಅಥವಾ ತಂತಿಬಲೆಯ ಆವರಣದೊಳಗೆ ಇಡುವುದು ಅಗತ್ಯ. ಮರಿಗಳಿಗೆ ಹುಟ್ಟಿದ ದಿನವೇ ಕಾಲ್ಬೆರಳುಗಳ ನಡುವಣ ತೊಗಲಿನಲ್ಲಿ ಸಣ್ಣ ರಂಧ್ರವನ್ನು ಮಾಡುವ ಪದ್ಧತಿಯುಂಟು. ಎರಡು ಕಾಲುಗಳಲ್ಲಿ ಅಂಥಾ ನಾಲ್ಕು ಸ್ಥಳಗಳಿರುವುದರಿಂದ ಹದಿನಾರು ಬೇರೆ ಬೇರೆ ಗುರುತುಗಳಾಗುವುವು. ಒಂದು ಮನೆಗೆ ಅಷ್ಟು ಧಾರಾಳವಾಗಿ ಸಾಕು. ಕಾಲಿಗೆ ದಾರ ಕಟ್ಟುವವರು ಮರಿ ಬೆಳೆದಂತೆ ಅದನ್ನು ಸಡಿಲಿಸಲು ಮರೆಯಕೂಡದು. ಮರೆತರೆ ದಾರವು ಮಾಂಸದೊಳಗೆ ಇಳಿದು ಕೋಳಿ ಕುಂಟಾಗುವುದು.

ನೀಲಿಯಂತೆ ಕಂಡು ನೀಲಿಯಲ್ಲದ ಕೋಳಿಗಳೂ ಇವೆ. ಇವುಗಳ ವಿಷಯದಲ್ಲಿಯೇ ಹಣವು ಹೆಚ್ಚಾಗಿ ಪೋಲಾಗುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ದೂರದಿಂದ ಬೂದಿಯಾಗಿ ಕಂಡು, ಕೈಗೆತ್ತಿಕೊಂಡು ನೋಡಿದರೆ ಒಂದೊಂದು ಗರಿಯ ಮೇಲೂ ಅಡ್ಡವಾಗಿ ಕಪ್ಪು ಬಿಳಿ ಪಟ್ಟೆಗಳಿರುವ ಕೋಳಿಯು ನೀಲಿಯಲ್ಲ. ಅದು ಪ್ಲಿಮತ್ ರಾಕ್ ಮೊದಲಾದ ಜಾತಿಗಳಲ್ಲಿರುವ ಪಟ್ಟೆಯ ಗುಣ. ಅದರ ವಂಶವಾಹಿಯೇ ಬೇರೆ. ಇದನ್ನು ಗುರುತಿಸುವುದು ಸುಲಭ.

ಎರಡನೆಯದು ಬಿಳಿ ಲೆಗ್‌ಹಾರ್ನ್ ಬೆರಕೆ. ಈ ಜಾತಿಯ ಬಿಳುಪು ಬಹಳ ಬಲವಾದದ್ದು. ಕಪ್ಪು ಕೋಳಿಗೆ ಕೂಡಿಸಿದರೂ ಮೊದಲ ತಲೆಮಾರಿನ ಮರಿಗಳು ಬಿಳಿಯಾಗಿಯೇ ಇದ್ದು, ಮೈಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ ಮಾತ್ರ ಇಣುಕುವುದು. ನೋಡುವುದಕ್ಕೆ ಇದು ಮಸಿಚುಕ್ಕೆಯಂತೆಯೇ ಇರುವುದರಿಂದ ತಿಳಿದವರೂ ಮೋಸಹೋಗುವರು. ಪರೀಕ್ಷೆ ಹೀಗೆ: ಸಂದೇಹವುಳ್ಳ ಹುಂಜವನ್ನು ಅಚ್ಚ ಕಪ್ಪು ಹೇಂಟೆಗಳಿಗೆ ಕೂಡಿಸಬೇಕು. ನಿಜವಾದ ಮಸಿಚುಕ್ಕೆಯಾಗಿದ್ದರೆ ಮರಿಗಳೆಲ್ಲ ನೀಲಿ. ಲೆಗ್‌ಹಾರ್ನ್ ಬೆರಕೆಯಾಗಿದ್ದರೆ ಸುಮಾರು ಅರ್ಧ ಬಿಳಿ, ಅರ್ಧ ಕಪ್ಪು, ನೀಲಿ ಒಂದೂ ಇಲ್ಲ.

ಮೂರನೆಯದು ಲ್ಯಾವೆಂಡರ್ ಎಂಬ ಬಣ್ಣ. ಇದೂ ಬೂದುನೀಲಿಯೇ, ಆದರೆ ಹೆಚ್ಚು ತಿಳಿಯಾಗಿ, ಕೊರಳಿನಿಂದ ಬಾಲದವರೆಗೆ ಒಂದೇ ಸಮನಾಗಿ ಇರುವುದು. ನಿಜವಾದ ನೀಲಿ ಹುಂಜದ ಕೊರಳು, ಬೆನ್ನು, ಸೊಂಟದ ಗರಿಗಳು ಮಿಕ್ಕ ಮೈಗಿಂತ ಗಾಢವಾಗಿರುವುವು. ಲ್ಯಾವೆಂಡರಿನಲ್ಲಿ ಆ ವ್ಯತ್ಯಾಸವಿಲ್ಲ. ಇದರ ವಂಶವಾಹಿಯು ಯಾವುದೆಂಬುದು 2008ರಲ್ಲಿ ಗೊತ್ತಾಯಿತು. ಇದು ಅಡಗಿ ನಡೆಯುವ ಗುಣ: ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುವುದು, ಒಬ್ಬರಿಂದಲೇ ಬಂದರೆ ಮರಿ ಕಪ್ಪಾಗಿಯೇ ಇದ್ದು ಒಳಗೆ ಅದನ್ನು ಹೊತ್ತಿರುವುದು. ಲ್ಯಾವೆಂಡರಿಗೆ ಲ್ಯಾವೆಂಡರನ್ನು ಕೂಡಿಸಿದರೆ ಎಲ್ಲವೂ ಲ್ಯಾವೆಂಡರ್. ಹೀಗಾಗಿ ಸ್ಥಿರವಾದ ನೀಲಿ ಬೇಕೆನ್ನುವವರು ವಾಸ್ತವವಾಗಿ ಕೇಳುತ್ತಿರುವುದು ಈ ಬಣ್ಣವನ್ನು. ಇದರ ಪರೀಕ್ಷೆಯೂ ಕಪ್ಪು ಹೇಂಟೆಗಳಿಂದಲೇ ಆಗಬೇಕು. ನೀಲಿ ಹುಂಜವಾದರೆ ಅರ್ಧದಷ್ಟು ಮರಿಗಳು ನೀಲಿ. ಲ್ಯಾವೆಂಡರ್ ಹುಂಜವಾದರೆ, ಹೇಂಟೆಗಳಲ್ಲಿ ಅದರ ಅಂಶ ಅಡಗಿಲ್ಲದ ಪಕ್ಷದಲ್ಲಿ, ಎಲ್ಲ ಮರಿಗಳೂ ಕಪ್ಪು. ನಿಜವಾದ ನೀಲಿ ಹುಂಜಕ್ಕೆ ಎಂಟು ಮರಿಗಳೂ ಕಪ್ಪೇ ಆಗುವುದು 256 ಸಲದಲ್ಲಿ ಒಂದು ಸಲ ಮಾತ್ರವಾದುದರಿಂದ ಎಂಟು ಹತ್ತು ಮರಿಗಳ ಒಂದು ಕಾವು ಈ ಪರೀಕ್ಷೆಗೆ ಸಾಕು. ಇಲ್ಲಿ ಮತ್ತೊಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಲ್ಯಾವೆಂಡರಿನಿಂದ ಹುಟ್ಟಿದ ಕಪ್ಪು ಮರಿಗಳು ಆ ಬಣ್ಣವನ್ನು ಒಳಗೆ ಹೊತ್ತಿರುವುವು. ನೀಲಿ ಕೋಳಿಗಳಿಂದ ಹುಟ್ಟಿದ ಕಪ್ಪು ಮರಿಗಳಲ್ಲಿಯೋ ನೀಲಿಯ ಲೇಶವೂ ಇರುವುದಿಲ್ಲ. ತಂದೆ ತಾಯಿ ನೀಲಿಯಾಗಿದ್ದರೆಂಬ ಕಾರಣದಿಂದ ಅಂಥಾ ಎರಡು ಕಪ್ಪು ಕೋಳಿಗಳನ್ನು ಕೂಡಿಸಿ ನೀಲಿಯನ್ನು ನಿರೀಕ್ಷಿಸುವುದು ವ್ಯರ್ಥ.

ನಮ್ಮ ನಾಟಿ ಕೋಳಿಗಳಲ್ಲಿ ಅಚ್ಚ ಕಪ್ಪಿಗಿಂತ ಕೆಂಪು ಕಪ್ಪು ಬೆರೆತವುಗಳೇ ಹೆಚ್ಚು. ನೀಲಿಯ ವಂಶವಾಹಿಯು ಕೆಂಪನ್ನು ಮುಟ್ಟುವುದಿಲ್ಲವೆಂಬುದನ್ನು ಇವುಗಳಲ್ಲಿ ಸ್ಪಷ್ಟವಾಗಿ ನೋಡಬಹುದು. ಕೆಂಪು ಬೆನ್ನು, ಕಪ್ಪು ಎದೆ, ಕಪ್ಪು ಬಾಲವುಳ್ಳ ಹುಂಜಕ್ಕೆ ಈ ಅಂಶ ಬಂದರೆ ಬೆನ್ನು ಕೆಂಪಾಗಿಯೇ ಉಳಿದು ಎದೆ ಮತ್ತು ಬಾಲ ಮಾತ್ರ ಸ್ಲೇಟಿನ ಬಣ್ಣವಾಗುವುವು. ಇದು ನೋಟಕ್ಕೆ ಚೆನ್ನಾಗಿಯೇ ಇರುವುದು. ಆದರೆ ಮೈಯೆಲ್ಲ ನೀಲಿಯಾದ ಕೋಳಿ ಬೇಕಾದರೆ ಕಪ್ಪು ಸಾಲಿನ ಕೋಳಿಗಳು ಕೊರಳಿನಲ್ಲಿಯೂ ರೆಕ್ಕೆಯ ಬುಡದಲ್ಲಿಯೂ ಕೆಂಪು ಎಳೆಯೊಂದೂ ಇಲ್ಲದ ಅಚ್ಚ ಕಪ್ಪಾಗಿರಬೇಕು. ಹೇಂಟೆಗಳಲ್ಲಿ ಈ ದೋಷ ಮರೆಯಾಗಿದ್ದು ಅವುಗಳ ಗಂಡು ಮರಿಗಳಲ್ಲಿ ಹೊರಬೀಳುವುದುಂಟು. ಆದಕಾರಣ ಹೇಂಟೆಯನ್ನು ಆರಿಸುವಾಗ ಅದರ ಅಣ್ಣತಮ್ಮಂದಿರ ಕೊರಳನ್ನೂ ನೋಡುವುದು ಜಾಣತನ. ಮಧ್ಯ ಪ್ರದೇಶದ ಜಾಬುವಾ ಸೀಮೆಯ ಕಡಕ್‌ನಾಥ್ ಕೋಳಿಯನ್ನು ಕಪ್ಪು ಸಾಲಿಗೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ಗರಿಯ ಬಣ್ಣಕ್ಕೆ ಅಡ್ಡಿಯಿಲ್ಲದಿರಬಹುದು. ಆದರೆ ಅದರ ತೊಗಲು ಮಾಂಸಗಳ ಕಪ್ಪು ಬೇರೊಂದು ವಂಶವಾಹಿಯಿಂದ ಬಂದದ್ದು, ಅದೂ ಮರಿಗಳಿಗೆ ಇಳಿದು ಎರಡು ಲೆಕ್ಕಗಳು ಒಂದಾಗಿ ಕಲಸಿಹೋಗುವುವು. 2018ರಲ್ಲಿ ಭೌಗೋಳಿಕ ಗುರುತನ್ನು ಪಡೆದಿರುವ ಆ ತಳಿಯನ್ನು ಅದರಷ್ಟಕ್ಕೆ ಶುದ್ಧವಾಗಿ ಉಳಿಸುವುದೇ ಲೇಸು.

ನೀಲಿ ಮರಿಗಳೆಲ್ಲ ಒಂದೇ ಛಾಯೆಯಾಗಿರುವುದಿಲ್ಲ. ಕೆಲವು ಕಪ್ಪಿಗೆ ಹತ್ತಿರ, ಕೆಲವು ಬೂದಿಗೆ ಹತ್ತಿರ. ಉತ್ತಮ ಜಾತಿಯವುಗಳಲ್ಲಿ ಗರಿಯ ಅಂಚಿಗೆ ಸೀರೆಯ ಅಂಚಿನಂತೆ ಕಪ್ಪು ಗೆರೆಯಿರುವುದು. ಇವು ಇತರ ಅನೇಕ ಸಣ್ಣ ಗುಣಗಳ ಕೂಟದಿಂದ ಆಗತಕ್ಕವು. ಒಂದು ವಂಶವಾಹಿಯಂತೆ ಬೆರಳೆಣಿಕೆಗೆ ಸಿಕ್ಕವು. ಅನುಭವಸ್ಥರು ಮಾಡುವುದೇನಂದರೆ, ಎಲ್ಲಿಂದಲೋ ತಂದ ಕಪ್ಪು ಕೋಳಿಗಿಂತ ಒಳ್ಳೆಯ ನೀಲಿ ತಂದೆ ತಾಯಿಗಳಿಂದ ಹುಟ್ಟಿದ ಕಪ್ಪು ಮತ್ತು ಮಸಿಚುಕ್ಕೆಯ ಮರಿಗಳನ್ನೇ ಬೀಜಕ್ಕೆ ನಿಲ್ಲಿಸುವರು. ಮೇಲೆ ಹೇಳಿದ ಕಪ್ಪು ಸಾಲಿಗೂ ಮೊದಲ ಕೋಳಿಗಳನ್ನು ಇಂಥಾ ಕಾವಿನಿಂದಲೇ ಆರಿಸಿದರೆ ಛಾಯೆಯು ಕ್ರಮೇಣ ಒಂದೇ ಸಮನಾಗುವುದು. ಬಿಸಿಲಿನಲ್ಲಿ ತಿರುಗಾಡುವ ಕೋಳಿಯ ಹಳೆಯ ಗರಿ ಬಿಳಚಿಕೊಂಡು ಹೊಸ ಗರಿ ಗಾಢವಾಗಿ ಕಾಣುವುದರಿಂದ, ಗರಿ ಉದುರಿ ಹೊಸದು ಪೂರ್ತಿಯಾಗಿ ಬಂದಮೇಲೆ ಆರಿಸತಕ್ಕದ್ದು.

ಈ ವಿಷಯದ ವ್ಯಾಜ್ಯವನ್ನು ಕೇಳುವ ಹಿರಿಯರಿಗೆ ಎರಡು ಮಾತು. ನೀಲಿ ಕೋಳಿಗಳಿಂದ ಕಪ್ಪು ಮತ್ತು ಚುಕ್ಕೆಯ ಮರಿಗಳಾದುದೊಂದೇ ಮೋಸಕ್ಕೆ ಸಾಕ್ಷಿಯಲ್ಲ. ವಾಸ್ತವವಾಗಿ ಆ ಕೋಳಿಗಳು ನಿಜವಾದ ನೀಲಿಯೆಂಬುದಕ್ಕೆ ಅದು ಸಾಕ್ಷಿ. ಆದರೆ ಮಾರುವಾಗ ಮರಿಗಳೆಲ್ಲ ನೀಲಿಯಾಗುವುವೆಂದು ವಚನ ಕೊಟ್ಟು ಆ ಲೆಕ್ಕದಿಂದ ಬೆಲೆ ಕಟ್ಟಿದ್ದರೆ, ಮಾರಿದವನು ತಿಳಿದು ಹೇಳಿದನೋ ತಿಳಿಯದೆ ಹೇಳಿದನೋ, ವಚನ ಸುಳ್ಳೇ ಆಯಿತು. ಹೆಚ್ಚಿನ ಬೆಲೆಯನ್ನು ಹಿಂದಿರುಗಿಸುವುದು ನ್ಯಾಯ. ಅಂಥಾ ವಚನವನ್ನು ಕಪ್ಪು ಮತ್ತು ಮಸಿಚುಕ್ಕೆಯ ಜೋಡಿಯ ಮೊಟ್ಟೆಗಳನ್ನು ಮಾರುವವನೂ, ಲ್ಯಾವೆಂಡರ್ ಜೋಡಿಯನ್ನು ಮಾರುವವನೂ ಮಾತ್ರ ಕೊಡಬಲ್ಲರು. ಕೊಳ್ಳುವವರು ಬಣ್ಣದ ಹೆಸರನ್ನೂ ತಂದೆತಾಯಿಗಳ ಬಣ್ಣವನ್ನೂ ಚೀಟಿಯಲ್ಲಿ ಬರೆಯಿಸಿಕೊಂಡರೆ ವ್ಯಾಜ್ಯವೇ ಹುಟ್ಟದು.

ಎರಡು ಸಾಲುಗಳನ್ನು ಇಟ್ಟುಕೊಂಡ ಮೇಲೆ ಅವುಗಳನ್ನು ಕಳೆದುಕೊಳ್ಳುವ ಭಯವೂ ಇರುವುದು. ಕೊಕ್ಕರೆ ರೋಗವು ಹಿಂಡಿಗೆ ಹೊಕ್ಕರೆ ಕೆಲವೇ ದಿನಗಳಲ್ಲಿ ಗೂಡು ಬರಿದಾಗುವುದನ್ನು ನೋಡದ ಗ್ರಾಮವಿಲ್ಲ. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹಾಕುವ ಲಸೋಟಾ ಇಲ್ಲವೆ ಎಫ್ ಲಸಿಕೆಯ ಹನಿಯನ್ನೂ, ಆರರಿಂದ ಎಂಟು ವಾರಗಳಾದಾಗ ಆರ್‌2ಬಿ ಚುಚ್ಚುಮದ್ದನ್ನೂ ಪಶು ಆಸ್ಪತ್ರೆಯವರ ಸಲಹೆಯಂತೆ ಹಾಕಿಸತಕ್ಕದ್ದು. ಒಂದು ಸೀಸೆಯ ಲಸಿಕೆ ಅನೇಕ ಮನೆಗಳ ಕೋಳಿಗಳಿಗೆ ಸಾಕಾಗುವುದರಿಂದ ಕೇರಿಯವರೆಲ್ಲ ಒಂದೇ ದಿನವನ್ನು ಗೊತ್ತುಮಾಡಿಕೊಳ್ಳುವುದು ಉಚಿತ. ಇದನ್ನು ಊರಿನ ಹಿರಿಯರೇ ಮುಂದೆ ನಿಂತು ಮಾಡಿಸಬೇಕು. ಇಷ್ಟಾದರೂ ಮಸಿಚುಕ್ಕೆಯ ಕೋಳಿಗಳೆಲ್ಲವನ್ನೂ ಒಂದೇ ಹಿತ್ತಿಲಲ್ಲಿ ಇಡಕೂಡದು. ಒಂದು ಹುಂಜ ಎರಡು ಹೇಂಟೆಗಳನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿ ಸಾಕಲು ಕೊಟ್ಟಿರಬೇಕು. ಐರಣಿಯವರಿಗೆ ಹೊಳೆಯ ಆಚೆಯ ದಡದಲ್ಲಿ ಬಂಧುಗಳಿದ್ದರೆ ಇನ್ನೂ ಅನುಕೂಲ. ಹಿಂದೆ ಈ ದಡವು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೂ ಆ ದಡವು ಮೈಸೂರು ಸಂಸ್ಥಾನಕ್ಕೂ ಸೇರಿ ಎರಡು ಆಡಳಿತಗಳಾಗಿದ್ದಾಗಲೂ ಹೆಣ್ಣು ಗಂಡು ತರುವ ಕೊಡುವ ಬಾಂಧವ್ಯಕ್ಕೆ ಹೊಳೆ ಅಡ್ಡ ಬರಲಿಲ್ಲ. ಕೋಳಿಗಳಿಗೂ ಅದೇ ದಾರಿ ಇರಲಿ. ವರ್ಷಕ್ಕೊಮ್ಮೆ ಹುಂಜಗಳನ್ನು ಅದಲು ಬದಲು ಮಾಡಿಕೊಂಡರೆ ತಂದೆಗೆ ಮಗಳನ್ನೂ ಅಣ್ಣನಿಗೆ ತಂಗಿಯನ್ನೂ ಕೂಡಿಸಿದಂತಾಗಿ ತಳಿ ಕ್ಷೀಣಿಸುವುದೂ ತಪ್ಪುವುದು.

ಗರಿಯ ಬಣ್ಣದಿಂದ ಮೊಟ್ಟೆಯ ಸಂಖ್ಯೆಯಾಗಲಿ ಮಾಂಸದ ರುಚಿಯಾಗಲಿ ಹೆಚ್ಚುವುದಿಲ್ಲ. ಹೊರದೇಶದ ಕೆಲವು ಕೋಳಿಗಳು ನೀಲಿ ಚಿಪ್ಪಿನ ಮೊಟ್ಟೆಯಿಡುವುದು ನಿಜ. ಅದಕ್ಕೂ ಗರಿಯ ನೀಲಿಗೂ ಸಂಬಂಧವಿಲ್ಲ. ಮೊಟ್ಟೆ ಮಾಂಸಗಳೇ ಮುಖ್ಯವೆನ್ನುವವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1989ರಲ್ಲಿ ಹೊರತಂದ ಗಿರಿರಾಜದಂಥಾ ಹಿತ್ತಿಲ ಕೋಳಿಗಳನ್ನು ಸಾಕಿಕೊಳ್ಳಬಹುದು. ನೀಲಿ ಕೋಳಿಗೆ ಬರುವ ಹೆಚ್ಚಿನ ಬೆಲೆಯು ಅಪರೂಪಕ್ಕಾಗಿ ಬರುವ ಬೆಲೆ. ಊರಲ್ಲೆಲ್ಲ ಅದೇ ತುಂಬಿದರೆ ಆ ಬೆಲೆ ನಿಲ್ಲದು. ಆದ್ದರಿಂದ ಬೀಜಕ್ಕೆ ನಿಲ್ಲಿಸುವಾಗ ಬಣ್ಣವನ್ನು ಎರಡನೆಯದಾಗಿ ನೋಡಿ, ಚೆನ್ನಾಗಿ ಕಾವು ಕೂರುವ, ಮರಿಗಳನ್ನು ಹದ್ದು ಕಾಗೆಗಳಿಂದ ಕಾಪಾಡಿ ಬೆಳೆಸುವ, ರೋಗದಲ್ಲಿ ಉಳಿದುಬಂದ ಹೇಂಟೆಗಳನ್ನು ಮೊದಲು ಆರಿಸತಕ್ಕದ್ದು.

ಕಾವಿಗೆ ಇಡುವ ಮೊಟ್ಟೆಗಳು ಒಂದು ವಾರಕ್ಕಿಂತ ಹಳೆಯವಾಗದೆ, ಬಿರುಕಿಲ್ಲದೆ, ಮಧ್ಯಮ ಗಾತ್ರದವಾಗಿರಬೇಕು. ನಾಟಿ ಹೇಂಟೆಯ ಕೆಳಗೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ಇಡಬಾರದು. ಬೇಸಿಗೆಯ ಬಿಸಿಲು ಏರುವ ಮೊದಲೇ ಈ ಕೆಲಸವನ್ನು ಮುಗಿಸಿಕೊಂಡು, ಏಳನೆಯ ರಾತ್ರಿ ದೀಪದ ಎದುರಿನಲ್ಲಿ ಮೊಟ್ಟೆಗಳನ್ನು ಹಿಡಿದು ನೋಡಿ ಬರಡು ಮೊಟ್ಟೆಗಳನ್ನು ತೆಗೆದುಬಿಡತಕ್ಕದ್ದು. ಮರಿಗಳಾದ ದಿನವೇ ಕಪ್ಪು ಎಷ್ಟು, ನೀಲಿ ಎಷ್ಟು, ಮಸಿಚುಕ್ಕೆ ಎಷ್ಟು ಎಂಬುದನ್ನು ತಂದೆತಾಯಿಗಳ ಬಣ್ಣದೊಡನೆ ಗೋಡೆಯ ಪಂಚಾಂಗದ ಅಂಚಿನಲ್ಲಾದರೂ ಬರೆದಿಡಬೇಕು.